ಕಚ್ಚಿಕೊಂಡ ಪಿಸ್ಟನ್, ಕೆಡದ ಸಿಲಿಂಡರ್

ಶಹಾಪುರ, ಸುರಪುರದ ಕಡೆ ಕಾಲುವೆ ದಂಡೆ, ಬೀಳುಬಿದ್ದ ಹೊಲ ಎಲ್ಲೆಂದರಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಅದರ ಗಟ್ಟಿ ಕಟ್ಟಿಗೆ ಕೊಯ್ಯಲು ಕೊಡಲಿಯ ಜಾಗಕ್ಕೆ ಪೆಟ್ರೋಲ್ ಗರಗಸ ಬಂದಿದೆ. 40 ಡಿಗ್ರಿ ದಾಟಿದ ಬಿಸಿಲು, ಎರೆಮಣ್ಣಿನ ದೂಳು, ಬಿಡುವಿಲ್ಲದ ಕೆಲಸ. ಇಂಥದ್ದರ ನಡುವೆ ಇಂಜಿನ್ ಒಂದು ದಿನ ತಟ್ಟನೆ ನಿಲ್ಲುತ್ತದೆ, ಹಗ್ಗ ಎಳೆದರೂ ಕದಲುವುದಿಲ್ಲ. ‘ಸೀಜ್ ಆಗಿದೆ, ಸಿಲಿಂಡರ್, ಪಿಸ್ಟನ್ ಎರಡೂ ಹೊಸದು ಬೇಕು’ ಎನ್ನುತ್ತಾರೆ. ಆದರೆ ಎಷ್ಟೋ ಸಲ ಸಿಲಿಂಡರ್ ಕೆಟ್ಟಿರುವುದೇ ಇಲ್ಲ.

ಇದು ಟೂ-ಸ್ಟ್ರೋಕ್ ಇಂಜಿನ್. ಆಯಿಲ್‌ಗೆ ಬೇರೆ ತೊಟ್ಟಿಯಿಲ್ಲ. ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲೇ ಒಳಗಿನ ಭಾಗಗಳಿಗೆಲ್ಲ ಜಾರು ಕೊಡಬೇಕು. 1:50 ಅಳತೆಯೆಂದರೆ ಒಂದು ಲೀಟರಿಗೆ ಬರೀ 20 ಮಿಲಿ. ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗುವಾಗ ಆ ತೆಳುಪದರ ಹರಿದರೆ, ಕಾದು ಹಿಗ್ಗಿದ ಅಲ್ಯೂಮಿನಿಯಂ ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜಿ ಅಲ್ಲೇ ಮೆತ್ತಿಕೊಳ್ಳುತ್ತದೆ.

ಸಿಲಿಂಡರ್ ಕೂಡ ಅಲ್ಯೂಮಿನಿಯಂನದೇ. ಆದರೆ ಅದರ ಒಳಗೋಡೆಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಸೇರಿದ, ಇಲ್ಲವೇ ಕ್ರೋಮಿಯಂನ ಅತಿಗಟ್ಟಿ ಲೇಪವಿರುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಬೀಡುಕಬ್ಬಿಣದ ಸಿಲಿಂಡರಿಗೆ ಬೋರಿಂಗ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದಿತ್ತು. ಇಲ್ಲಿ ಹಾಗಾಗದು, ಕೊರೆದರೆ ಲೇಪವೇ ಹೋಗುತ್ತದೆ. ಒಳಗೆ ಕಾಣುವ ಬೂದುಬಣ್ಣದ ಗೆರೆಗಳು ಹೆಚ್ಚಾಗಿ ಗಾಯಗಳಲ್ಲ. ಕಾದ ಹಂಚಿಗೆ ಹತ್ತಿದ ರೊಟ್ಟಿಹಿಟ್ಟಿನಂತೆ ಪಿಸ್ಟನ್ನಿನ ಲೋಹ ಮೇಲೆ ಕೂತಿರುತ್ತದೆ, ಅಷ್ಟೆ.

ಇದನ್ನು ಬಿಡಿಸುವ ಕೆಲಸ ರಸಾಯನಶಾಸ್ತ್ರದ್ದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ; ನಿಕ್ಕಲ್, ಕ್ರೋಮಿಯಂ ತಂಟೆಗೆ ಹೋಗುವುದಿಲ್ಲ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ಡೂ ಅಲ್ಯೂಮಿನಿಯಂ ಕರಗಿಸುತ್ತದೆ, ಆದರೆ ಅದು ಕ್ರೋಮಿಯಂ ಲೇಪವನ್ನೂ ತಿನ್ನುತ್ತದೆ. ಯಾವ ಲೇಪವೆಂದು ತಿಳಿಯದಿದ್ದರೆ ಕಾಸ್ಟಿಕ್ಕೇ ಮೇಲು.

ಸಿಲಿಂಡರನ್ನು ಪೂರ್ತಿ ಬಿಚ್ಚಿ, ಜಿಡ್ಡು ತೊಳೆದು, ಬಯಲಿನಲ್ಲಿ ಕೆಲಸ ಮಾಡಬೇಕು. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ. ಕಾಸ್ಟಿಕ್ ಹನಿ ದೃಷ್ಟಿಯನ್ನೇ ಕಳೆಯಬಲ್ಲದು. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಹೊರಡುವ ಅನಿಲ ಜಲಜನಕ, ಆದ್ದರಿಂದ ಹತ್ತಿರ ಬೀಡಿ, ಬೆಂಕಿ ಬೇಡ. ಆಸಿಡ್ ಬಳಸುವವರು ಬ್ಲೀಚಿಂಗ್ ಪುಡಿಯನ್ನು ದೂರವಿಡಬೇಕು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಏಳುತ್ತದೆ. ಹತ್ತಿಕಡ್ಡಿಯಿಂದ ಗೆರೆಗಳ ಮೇಲಷ್ಟೇ ದ್ರಾವಣ ಸವರಿ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳ (ಪೋರ್ಟ್) ಒಳಗೆ ಬರಿಯ ಅಲ್ಯೂಮಿನಿಯಂ ಇರುವುದರಿಂದ ಅಲ್ಲಿಗೆ ತಾಕಿಸಬೇಡಿ.

ನೊರೆಯೇ ಇಲ್ಲಿ ಪರೀಕ್ಷಕ. ಮೆತ್ತಿದ ಲೋಹ ಮುಗಿದಾಗ ನೊರೆ ನಿಲ್ಲುತ್ತದೆ. ಒಂದೇ ಜಾಗದಲ್ಲಿ ನಿಲ್ಲದೆ ಏಳುತ್ತಿದ್ದರೆ ಅಲ್ಲಿ ಲೇಪ ಕಿತ್ತು ಸಿಲಿಂಡರೇ ಕರಗುತ್ತಿದೆ ಎಂದರ್ಥ. ತಕ್ಷಣ ತೊಳೆದು ನಿಲ್ಲಿಸಬೇಕು. ನೊರೆ ನಿಂತ ಸಿಲಿಂಡರನ್ನು ಧಾರಾಳ ನೀರಲ್ಲಿ ತೊಳೆದು, ನಯವಾದ ವಾಟರ್ ಪೇಪರಿನಿಂದ ಹಗುರವಾಗಿ ಅಡ್ಡಡ್ಡ ಉಜ್ಜಿ, ಉಗುರು ಎಳೆದು ನೋಡಿ. ಉಗುರು ಸಿಕ್ಕಿದರೆ ಹೊಸ ಸಿಲಿಂಡರೇ ಗತಿ. ಸಿಕ್ಕದಿದ್ದರೆ ಒಣಗಿಸಿ, ಆಯಿಲ್ ಸವರಿ; ಹೊಸ ಪಿಸ್ಟನ್, ರಿಂಗು, ಲಾಕ್ ಸಾಕು. ಜೋಡಿಸುವ ಮುನ್ನ ಕ್ರ್ಯಾಂಕ್ ಕೋಣೆಯಲ್ಲಿ ಉದುರಿದ ಲೋಹದ ಚೂರುಗಳನ್ನು ತೆಗೆಯಿರಿ.

ಇಷ್ಟು ಮಾಡಿ ಕಾರಣ ಹುಡುಕದಿದ್ದರೆ ಹೊಸ ಪಿಸ್ಟನ್ನಿಗೂ ಅದೇ ಗತಿ. ಆಯಿಲ್ ಅಳತೆ ತಪ್ಪಿತ್ತೇ? ಇಂಜಿನ್ ತಂಪಾಗಿಸುವ ರೆಕ್ಕೆಗಳಲ್ಲಿ ಮರದ ಪುಡಿ ತುಂಬಿತ್ತೇ? ಸವೆದ ಸೀಲಿನಿಂದ ಗಾಳಿ ನುಗ್ಗುತ್ತಿತ್ತೇ? ಪೆಟ್ರೋಲನ್ನೂ ನೋಡಬೇಕು. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೂ ಎಥೆನಾಲ್ ಇರುತ್ತದೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಹಳೆಯ ಕಾರ್ಬೊರೇಟರ್ ಸೆಟ್ಟಿಂಗಿನಲ್ಲಿ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತದೆ. ಎಥೆನಾಲ್ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ಇಟ್ಟ ಕ್ಯಾನಿನಲ್ಲಿ ನೀರಿನೊಡನೆ ಬೇರ್ಪಟ್ಟು ತಳ ಸೇರುತ್ತದೆ. ಆ ತಳದ ಪದರದಲ್ಲಿ ಆಯಿಲ್ ಉಳಿಯುವುದಿಲ್ಲ. ಆದ್ದರಿಂದ ವಾರದ ಕೆಲಸಕ್ಕೆ ಬೇಕಾದಷ್ಟೇ ಪೆಟ್ರೋಲ್ ತಂದು, ಆಯಿಲನ್ನು ಅಳೆದೇ ಬೆರೆಸಿ, ಕೆಲಸವಿಲ್ಲದ ಮಳೆಗಾಲಕ್ಕೆ ಮುನ್ನ ಟ್ಯಾಂಕ್ ಬರಿದು ಮಾಡಿಡಿ. ಸಿಲಿಂಡರ್ ಉಳಿಸುವ ಅತ್ಯಂತ ಅಗ್ಗದ ದಾರಿ ಇದು.