ಮಿದುಳಿನ ಮುನ್ನರಿವು

ಅಮೀನಗಡವೆಂದೊಡನೆ ನಮ್ಮ ವಾಚಕರಿಗೆ ಕರದಂಟಿನ ನೆನಪಾಗುವದು ಸಹಜವೇ. ತುಪ್ಪದಲ್ಲಿ ಕರಿದ ಅಂಟನ್ನೂ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನೂ ಬೆಲ್ಲದ ಪಾಕದಲ್ಲಿ ಕೂಡಿಸುವ ಈ ತಿನಿಸಿಗೆ ಪಾಕದ ಹದವೇ ಜೀವಾಳವು. ಪಾಕವು ಎಳೆಯದಾದರೆ ಹಿಡಿದು ನಿಲ್ಲದು, ಬಲಿತರೆ ಹಲ್ಲಿಗೆ ಬಗ್ಗದು. ಪಳಗಿದವರು ಸೌಟನ್ನು ತಿರುವುತ್ತಿರುವಾಗಲೇ ಹದವನ್ನು ಅರಿಯುವರು. ಹೇಗೆಂದು ಕೇಳಿದರೆ ಕೈಗೆ ತಿಳಿಯುವದೆನ್ನುವರು.

ಕೈಗೆ ತಿಳಿಯುವದೆಂದರೇನು? ನಾವು ಒಂದು ಅಂಗವನ್ನು ಅಲುಗಿಸುವಾಗ ಮಿದುಳು ಸ್ನಾಯುಗಳಿಗೆ ಆಜ್ಞೆಯನ್ನು ಕಳಿಸುವದು. ಅದರ ಪ್ರತಿಯೊಂದನ್ನು ತನ್ನಲ್ಲಿಯೂ ಇಟ್ಟುಕೊಂಡು, ಇದರಿಂದ ಯಾವ ಸ್ಪರ್ಶ, ಯಾವ ಭಾರ, ಯಾವ ಸಪ್ಪಳವು ಬರತಕ್ಕದ್ದೆಂದು ಮೊದಲೇ ಎಣಿಸುವದು. ಕೈಕಾಲುಗಳಿಂದ ಸುದ್ದಿಯು ಬರಲು ತುಸು ಹೊತ್ತು ಹಿಡಿಯುವದರಿಂದ, ಅದರ ದಾರಿಯನ್ನೇ ಕಾಯುತ್ತ ಕುಳಿತರೆ ಓಡುವದಾಗಲಿ ಚೆಂಡು ಹಿಡಿಯುವದಾಗಲಿ ಸಾಧ್ಯವಾಗದು.

ಎಣಿಕೆಯು ಸರಿಹೋದಾಗ ಇದಾವುದೂ ನಮ್ಮ ಗಮನಕ್ಕೆ ಬಾರದು, ತಪ್ಪಿದಾಗಲೇ ಗೊತ್ತಾಗುವದು. ತುಂಬಿದ ಕೊಡವೆಂದು ಬರಿಗೊಡವನ್ನೆತ್ತಿದರೆ ಕೈಯು ಮೇಲಕ್ಕೆ ಹಾರುವದು. ಕತ್ತಲೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟರೆ ಎದೆಯು ಝಲ್ಲೆನ್ನುವದು. ತನಗೆ ತಾನೇ ಕಚಗುಳಿಯಿಟ್ಟುಕೊಂಡರೆ ನಗೆ ಬಾರದಿರುವದೂ ಇದರಿಂದಲೇ. ಬ್ಲೇಕ್‌ಮೋರ್, ವೋಲ್ಪರ್ಟ್, ಫ್ರಿತ್ ಎಂಬ ಲಂಡನ್ನಿನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರರ ಸ್ಪರ್ಶಕ್ಕೆ ಹೆಚ್ಚಾಗಿ ಎಚ್ಚರಗೊಳ್ಳುವ ಮಿದುಳಿನ ಭಾಗಗಳು ತನ್ನದೇ ಸ್ಪರ್ಶಕ್ಕೆ ಅಷ್ಟು ಎಚ್ಚರಗೊಳ್ಳಲಿಲ್ಲ.

ಈ ಎಣಿಕೆಯಲ್ಲಿ ಮುಖ್ಯ ಪಾತ್ರವು ಹಿಂದಲೆಯ ಕೆಳಗಿರುವ ಕಿರುಮಿದುಳಿನದು. ತೂಕದಲ್ಲಿ ಇದು ಮಿದುಳಿನ ಹತ್ತನೆಯ ಒಂದು ಪಾಲು. ಆದರೆ 2009ರಲ್ಲಿ ಪ್ರಕಟವಾದ ಗಣನೆಯಂತೆ, ನಮ್ಮ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲಿಯೇ ಇರುವವು. ತಪ್ಪಿನ ಸುದ್ದಿಯನ್ನು ತರುವ ತಂತುಗಳು ಇಲ್ಲಿಯ ನರಗಳ ಸಂಬಂಧವನ್ನು ತಿದ್ದುವವೆಂದು ಅಮೇರಿಕದ ಜೇಮ್ಸ್ ಆಲ್ಬಸರು 1971ರಲ್ಲಿ ತರ್ಕಿಸಿದರು. ಅಂಥ ಮಾರ್ಪಾಡು ನಡೆಯುವದೆಂಬುದನ್ನು ಜಪಾನದ ಮಸಾವೊ ಇಟೋರವರು 1982ರಲ್ಲಿ ಪ್ರಯೋಗದಿಂದ ತೋರಿಸಿದರು. ಎಂದರೆ, ತಪ್ಪೇ ಇಲ್ಲಿ ಗುರುವು.

ಅಮೀನಗಡದ ನೆರೆಯ ಸೂಳೇಭಾವಿಯಲ್ಲಾಗಲಿ ಇಳಕಲ್ಲಿನಲ್ಲಾಗಲಿ ಕೈಮಗ್ಗವನ್ನು ನೋಡಿದವರಿಗೆ ಇದು ಸುಲಭವಾಗಿ ಮನಗಾಣುವದು. ಹೊಸಬನ ಕಣ್ಣು ಕೈಗೊಮ್ಮೆ, ಕಾಲಿಗೊಮ್ಮೆ ಹರಿದಾಡುವದು. ಲಾಳಿ ತಡವರಿಸುವದು, ಎಳೆ ಹರಿಯುವದು. ನುರಿತ ನೇಕಾರನಾದರೋ ಮಾತಾಡುತ್ತಲೇ ನೇಯುವನು. ಸಪ್ಪಳದಲ್ಲಿ ತುಸು ಭೇದವಾದರೆ ಸಾಕು, ಕೈಯು ತಾನೇ ನಿಲ್ಲುವದು. ಇಂಥ ವಿದ್ಯೆಯನ್ನು ಬರೆದಿಟ್ಟು ಕಾಪಾಡಲಾಗದು. ಮಗ್ಗದ ಮುಂದೆ ಕುಳಿತು ಎಳೆ ಹರಿಯುವವರು ಇರುವತನಕ ಮಾತ್ರ ಅದು ಉಳಿಯುವದು.

ಗೃಹಸ್ಥರಿಗೆ ಇದರಿಂದ ಎರಡು ಪ್ರಯೋಜನಗಳುಂಟು. ಮಗುವು ನೀರು ಚೆಲ್ಲಿತೆಂದು ತಂಬಿಗೆಯನ್ನು ಕಸಿದುಕೊಳ್ಳಬಾರದು. ಕಸಿದುಕೊಂಡರೆ ಅದರ ಪಾಠವನ್ನೇ ಕಸಿದುಕೊಂಡಂತಾಗುವದು. ಎರಡನೆಯದು ವೃದ್ಧರ ವಿಷಯ. ಮನೆಯ ಮೆಟ್ಟಿಲುಗಳೆಲ್ಲ ಒಂದೇ ಎತ್ತರವಾಗಿರಲಿ, ಅಲ್ಲಿ ರಾತ್ರಿ ಬೆಳಕಿರಲಿ, ಅವರು ತಿರುಗಾಡುವ ಹಾದಿಯಲ್ಲಿ ಸಾಮಾನುಗಳನ್ನು ಕದಲಿಸಿಡುವದು ಬೇಡ. ಎಳೆಯರು ಎಡವಿದರೆ ಸಾವರಿಸಿಕೊಳ್ಳುವರು. ಮುದುಕರಿಗೆ ಒಂದು ಮೆಟ್ಟಿಲಿನ ಎಣಿಕೆ ತಪ್ಪಿದರೂ ತೊಡೆಯ ಎಲುಬೇ ಮುರಿಯಬಹುದು.