ಹೊರಟದ್ದು ಬ್ರಿಟನ್, ಗಡಿಯ ಚಿಂತೆ ಐರ್ಲೆಂಡಿಗೆ

ಕೂಡುಕುಟುಂಬದಲ್ಲಿ ಅಣ್ಣನಾದವನು ಪಾಲು ಕೇಳಿ ಹೊರಟರೆ, ಮನೆಯಲ್ಲೇ ಉಳಿದ ತಮ್ಮನ ಅಂಗಳದಲ್ಲೂ ಗೋಡೆ ಏಳುತ್ತದೆ. 2016ರ ಜೂನ್ 23ರಂದು ಬ್ರಿಟನ್ನಿನ ಮತದಾರರಲ್ಲಿ ಶೇ. 51.9 ಮಂದಿ ಯುರೋಪಿಯನ್ ಒಕ್ಕೂಟವನ್ನು ಬಿಡುವ ತೀರ್ಮಾನಕ್ಕೆ ಬಂದಾಗ ಐರ್ಲೆಂಡ್ ಗಣರಾಜ್ಯಕ್ಕೆ ಒದಗಿದ ಸ್ಥಿತಿ ಇಂಥದ್ದು. ಆ ಪ್ರಶ್ನೆಯನ್ನು ಐರ್ಲೆಂಡ್ ಕೇಳಿರಲಿಲ್ಲ; ಉತ್ತರದ ಭಾರವನ್ನು ಮಾತ್ರ ಹೊರಬೇಕಾಯಿತು. ನಮ್ಮವರ ಮಕ್ಕಳು ಅನೇಕರು ಇಂದು ಲಂಡನ್, ಡಬ್ಲಿನ್‌ಗಳಲ್ಲಿ ನೌಕರಿಯಲ್ಲಿರುವುದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಉಚಿತವೆಂದು ಭಾವಿಸಿದ್ದೇವೆ.

ಈ ಎರಡು ದೇಶಗಳು ಒಕ್ಕೂಟವನ್ನು ಸೇರಿದ್ದು ಒಂದೇ ದಿನ, 1973ರ ಜನವರಿ 1ರಂದು. ಐರ್ಲೆಂಡಿನ ವ್ಯಾಪಾರವೆಲ್ಲ ಬ್ರಿಟನ್ನಿನೊಡನೆ ಹೆಣೆದುಕೊಂಡಿದ್ದುದರಿಂದ, ಬ್ರಿಟನ್ ಒಳಗೆ ಹೋದಾಗ ಅದು ಹೊರಗೆ ಉಳಿಯುವಂತಿರಲಿಲ್ಲ. ಆದರೆ ಬ್ರಿಟನ್ ಹೊರಟಾಗ ಐರ್ಲೆಂಡ್ ಹಿಂಬಾಲಿಸಲಿಲ್ಲ. ನಡುವಿನ ನಾಲ್ಕು ದಶಕಗಳಲ್ಲಿ ಅದರ ನಾಣ್ಯ ಯೂರೋ ಆಗಿತ್ತು, ಅದರ ಮಾರುಕಟ್ಟೆ ಇಡೀ ಖಂಡಕ್ಕೆ ಹಬ್ಬಿತ್ತು.

ಮೊದಲ ಪೆಟ್ಟು ಬಿದ್ದದ್ದು ಅಣಬೆ ಬೆಳೆಗಾರರಿಗೆ ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು. ಐರ್ಲೆಂಡಿನ ಅಣಬೆಯಲ್ಲಿ ಬಹುಪಾಲು ಬ್ರಿಟನ್ನಿನ ಅಂಗಡಿಗಳಿಗೆ ಹೋಗುತ್ತಿತ್ತು. ಮುಂಗಡವಾಗಿ ದರ ಗೊತ್ತುಪಡಿಸುತ್ತಿದ್ದುದು ಪೌಂಡಿನಲ್ಲಿ. ಆಳುಗಳಿಗೆ ಕೂಲಿ ಕೊಡಬೇಕಾದದ್ದು ಯೂರೋದಲ್ಲಿ. ಮತದಾನದ ಮರುದಿನದಿಂದ ಪೌಂಡು ಕುಸಿಯಿತು, ಕೆಲವು ತಿಂಗಳಲ್ಲೇ ಹಲವು ಅಣಬೆ ಕೇಂದ್ರಗಳಿಗೆ ಬೀಗ ಬಿತ್ತು. ಬ್ರಿಟನ್ ವಿಧ್ಯುಕ್ತವಾಗಿ ಹೊರಬಿದ್ದದ್ದು 2020ರ ಜನವರಿ 31ರಂದು, ಅಂದರೆ ಮೂರೂವರೆ ವರ್ಷಗಳ ಬಳಿಕ!

ಆದರೆ ಹಣದ ನಷ್ಟಕ್ಕಿಂತ ದೊಡ್ಡ ಆತಂಕ ಗಡಿಯದು. ಐರ್ಲೆಂಡ್ ದ್ವೀಪದ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿಗೆ ಸೇರಿವೆ. ಅವುಗಳಿಗೂ ಗಣರಾಜ್ಯಕ್ಕೂ ನಡುವಿನ ಗಡಿ ಸುಮಾರು 500 ಕಿ.ಮೀ.; ಅದನ್ನು ದಾಟುವ ಹಾದಿಗಳು 200ಕ್ಕೂ ಹೆಚ್ಚು. ಹೊಲದ ನಡುವೆ, ಊರಿನ ನಡುವೆ ಹಾಯುವ ಗೆರೆ ಅದು. 1923ರಲ್ಲಿ ಅಲ್ಲಿ ಸುಂಕದ ಕಟ್ಟೆಗಳು ಎದ್ದವು. ಮುಂದೆ ಉತ್ತರದ ಮೂರು ದಶಕಗಳ ಹಿಂಸಾಚಾರದಲ್ಲಿ ಸುಮಾರು 3,500 ಜನ ಮಡಿದರು, ಗಡಿಯ ಕಾವಲು ಠಾಣೆಗಳು ದಾಳಿಗೆ ಗುರಿಯಾದವು. 1993ರಲ್ಲಿ ಯುರೋಪಿನ ಏಕ ಮಾರುಕಟ್ಟೆ ಬಂದು ಸುಂಕದ ಕಟ್ಟೆಗಳು ಹೋದವು. 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಸೈನಿಕರ ಕಾವಲೂ ಕ್ರಮೇಣ ತೆರವಾಯಿತು. ಇಂದು ಉತ್ತರದಲ್ಲಿ ಕರೆದ ಹಾಲಿನ ಸುಮಾರು ಮೂರನೇ ಒಂದು ಭಾಗ ದಕ್ಷಿಣದ ಡೇರಿಗಳಿಗೆ ಹೋಗಿ ಬೆಣ್ಣೆ, ಚೀಸ್, ಹಾಲಿನ ಪುಡಿಯಾಗುತ್ತದೆ. ರಸ್ತೆಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗಲೇ ಪ್ರಯಾಣಿಕನಿಗೆ ದೇಶ ಬದಲಾದದ್ದು ತಿಳಿಯುವುದು.

ಒಕ್ಕೂಟದ ಒಳಗೆ ಒಮ್ಮೆ ನುಸುಳಿದ ಸರಕನ್ನು ಪ್ಯಾರಿಸ್‌ವರೆಗೂ ಯಾರೂ ತಡೆಯುವುದಿಲ್ಲ. ಆದ್ದರಿಂದ ಹೊರಗಿನ ದೇಶದ ಸರಕನ್ನು ಹೊಸ್ತಿಲಲ್ಲೇ ಪರೀಕ್ಷಿಸಬೇಕು. ಬ್ರಿಟನ್ ಹೊರಗಿನದಾದ ಮೇಲೆ ಹೊಸ್ತಿಲು ಎಲ್ಲಿ? ನೆಲದ ಗಡಿಯಲ್ಲಿ ಕಟ್ಟೆ ಕಟ್ಟಿದರೆ ಹಳೆಯ ಗಾಯ ಕೆದಕಿದಂತೆ. 2019ರ ಅಕ್ಟೋಬರಿನಲ್ಲಿ ಬೋರಿಸ್ ಜಾನ್ಸನ್‌ರೊಡನೆ ಲಿವರ್‌ಪೂಲ್ ಸಮೀಪ ಮಾತುಕತೆಗೆ ಕುಳಿತು ಈ ಕಗ್ಗಂಟನ್ನು ಸಡಿಲಿಸಿದ ಐರಿಷ್ ಪ್ರಧಾನಿ ಲಿಯೋ ವರಾಡ್ಕರ್, ಮುಂಬಯಿಯಲ್ಲಿ ಹುಟ್ಟಿದ ವೈದ್ಯರೊಬ್ಬರ ಮಗ. ಸರಕುಗಳ ಮಟ್ಟಿಗೆ ಉತ್ತರ ಐರ್ಲೆಂಡ್ ಒಕ್ಕೂಟದ ನಿಯಮಗಳನ್ನೇ ಪಾಲಿಸುವುದು, ತಪಾಸಣೆಯನ್ನು ಸಮುದ್ರದಾಚೆಯ ಬ್ರಿಟನ್ನಿನಿಂದ ಬರುವ ಹಡಗುಗಳಿಗೆ ನಡೆಸುವುದು ಎಂದು ತೀರ್ಮಾನವಾಯಿತು.

ಗಡಿ ಅಳಿಯಲಿಲ್ಲ, ನೆಲದಿಂದ ನೀರಿಗೆ ಇಳಿಯಿತು ಎಂಬುದೇ ನಮ್ಮ ಅಭಿಪ್ರಾಯ. ಒಂದೇ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಸಾಸೇಜು ಒಯ್ಯುವುದೂ 2021ರಲ್ಲಿ ರಾಜತಾಂತ್ರಿಕ ವ್ಯಾಜ್ಯವಾಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಫಲ ಅಲ್ಲಿಯ ವರ್ತಕರಿಗೂ ದೊರೆಯಿತು. ಬ್ರಿಟನ್ನಿನೊಡನೆ ಉಳಿಯಬಯಸುವ ಪ್ರಾಟೆಸ್ಟೆಂಟ್ ಸಮುದಾಯದ ಪ್ರಮುಖ ಪಕ್ಷ ಮುನಿದು ಹೊರನಡೆದದ್ದರಿಂದ 2022ರ ಫೆಬ್ರವರಿಯಿಂದ ಎರಡು ವರ್ಷ ಉತ್ತರ ಐರ್ಲೆಂಡಿನಲ್ಲಿ ಪೂರ್ಣಪ್ರಮಾಣದ ಸರಕಾರವಿರಲಿಲ್ಲ. 2023ರ ವಿಂಡ್ಸರ್ ಒಪ್ಪಂದವು ಉತ್ತರದಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ದಕ್ಷಿಣಕ್ಕೆ ದಾಟಬಹುದಾದ ಸರಕಿಗೆ ಕೆಂಪು ಸಾಲು ಎಂದು ವಿಂಗಡಿಸಿ ತಪಾಸಣೆಯನ್ನು ಹಗುರಗೊಳಿಸಿತು.

ದಕ್ಷಿಣದವರ ಇನ್ನೊಂದು ತಾಪತ್ರಯ ದಾರಿಯದು. ಮೊದಲು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಲಾರಿಗಳು ಡಬ್ಲಿನ್ನಿನಿಂದ ಹಡಗೇರಿ ವೇಲ್ಸಿನ ಹಾಲಿಹೆಡ್‌ನಲ್ಲಿ ಇಳಿದು, ಬ್ರಿಟನ್ನನ್ನು ಹಾದು ಫ್ರಾನ್ಸ್ ಸೇರುತ್ತಿದ್ದವು. ಮುಂಬಯಿಯ ಜಕಾತಿ ನಾಕಾಗಳಲ್ಲಿ 2017ರವರೆಗೆ ನಿಲ್ಲುತ್ತಿದ್ದ ಲಾರಿಗಳ ಸಾಲನ್ನು ಬಲ್ಲ ನಮಗೆ, ಅಂಥ ದಾರಿಯಲ್ಲಿ ಕಾಗದಪತ್ರಗಳ ತನಿಖೆ ಹೊಕ್ಕರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಜನವರಿಯಲ್ಲೇ ರಾಸ್‌ಲೇರ್ ಬಂದರಿನಿಂದ ಫ್ರಾನ್ಸಿನ ಡನ್‌ಕರ್ಕ್‌ಗೆ ನೇರ ಹಡಗು ಹೊರಟಿತು. ಪಯಣ ಸುಮಾರು 24 ಗಂಟೆ. ಸಣ್ಣ ಬಂದರಾಗಿದ್ದ ರಾಸ್‌ಲೇರ್ ಈಗ ಗಿಜಿಗುಟ್ಟುತ್ತಿದೆ. ಹಾಗೆಂದು ಹಳೆಯ ನಂಟು ಹರಿದಿಲ್ಲ. 2024ರ ಡಿಸೆಂಬರಿನ ಬಿರುಗಾಳಿಗೆ ಹಾಲಿಹೆಡ್ ಬಂದರು ಮುಚ್ಚಿದಾಗ ಐರ್ಲೆಂಡಿನ ಕ್ರಿಸ್‌ಮಸ್ ಪಾರ್ಸಲ್ಲುಗಳು ಬ್ರಿಟನ್ನಿನಲ್ಲೇ ಉಳಿದವು.

ಲಾಭವೂ ಇಲ್ಲದಿಲ್ಲ. ಲಂಡನ್ನಿನ ಕೆಲವು ಹಣಕಾಸು ಸಂಸ್ಥೆಗಳು ಡಬ್ಲಿನ್ನಿಗೆ ಬಂದವು. ಉತ್ತರ ದಕ್ಷಿಣಗಳ ನಡುವಿನ ವ್ಯಾಪಾರ ಹೆಚ್ಚಿತು. ಅಜ್ಜಿಯೋ ಅಜ್ಜನೋ ಐರ್ಲೆಂಡಿನವರೆಂದು ನೆನಪಾದ ಬ್ರಿಟಿಷರು ಐರಿಷ್ ಪಾಸ್‌ಪೋರ್ಟಿಗೆ ಮುಗಿಬಿದ್ದರು.

ಡಬ್ಲಿನ್ನಿನಲ್ಲಿರುವ ಮಕ್ಕಳನ್ನು ಕಾಣಹೋಗುವ ಹಿರಿಯರಿಗೂ ಒಂದು ಮಾತು. ಬೆಲ್‌ಫಾಸ್ಟಿಗೆ ಬಸ್ಸಿನಲ್ಲಿ ಹೋದರೆ ಗಡಿಯಲ್ಲಿ ಗೇಟೂ ಇಲ್ಲ, ಕಾವಲುಗಾರನೂ ಇಲ್ಲ. ಆದರೂ ಐರ್ಲೆಂಡಿನ ವೀಸಾ ಒಂದೇ ಇದ್ದರೆ ಎಲ್ಲ ಸಂದರ್ಭಗಳಲ್ಲೂ ಸಾಲದು. ಬ್ರಿಟನ್ನಿನ ಅನುಮತಿಯೂ ಬೇಕಾಗಬಹುದು. ಇದು ಬ್ರೆಕ್ಸಿಟ್‌ಗೆ ಮುಂಚಿನಿಂದಲೂ ಇರುವ ನಿಯಮ. ಟಿಕೇಟು ಕಾಯ್ದಿರಿಸುವ ಮುನ್ನ ಮಕ್ಕಳನ್ನು ಒಮ್ಮೆ ಕೇಳಿಕೊಳ್ಳುವುದು ಒಳಿತು.