ಮಳೆಗಾಲದ ಮನೆ, ಮಗು ಮತ್ತು ಮೊಬೈಲು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟಗಳ ನಡುವಿನ ಒಂಟಿಮನೆಗಳೇ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಟಕ್ಕೆ ಜೊತೆಯಿಲ್ಲದ ಮಗುವಿನ ಕೈಗೆ ಮೊಬೈಲು ಸೇರುತ್ತದೆ. ಊಟಕ್ಕೂ ಅದೇ, ನಿದ್ರೆಗೂ ಅದೇ. ತಂದೆತಾಯಿಯರೂ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳಲ್ಲಿ ಮಗ್ನರಾದರೆ ಮಗುವಿನೊಡನೆ ಮಾತನಾಡುವವರು ಯಾರು?

ಚಳಿಗಾಲದ ಕತ್ತಲು ಬಹು ದೀರ್ಘವಾದ ಸ್ವೀಡನ್ ದೇಶದಲ್ಲಿಯೂ ಇದೇ ಚಿಂತೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2024ರಲ್ಲಿ ನೀಡಿದ ಸಲಹೆಯಂತೆ 2 ವರ್ಷದೊಳಗಿನ ಶಿಶುಗಳಿಗೆ ಪರದೆ ಕೂಡದು. 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ರಾತ್ರಿ ಮೊಬೈಲು ಮಲಗುವ ಕೋಣೆಯ ಹೊರಗಿರಬೇಕು. ಶಿಶುವು ಮಾತು ಕಲಿಯುವುದು ತನ್ನ ತೊದಲಿಗೆ ಮರುನುಡಿಯುವ ಮುಖವನ್ನು ನೋಡಿ. ಪರದೆಯು ತೊದಲಿಗಾಗಿ ಕಾಯುವುದಿಲ್ಲ.

ಆ ಸೀಮೆಯಲ್ಲಿ ಕೂಸನ್ನು ಬೆಚ್ಚಗೆ ಹೊದಿಸಿ ಚಳಿಯಲ್ಲಿಯೂ ಮನೆಯ ಹೊರಗೆ ಮಲಗಿಸುವ ವಾಡಿಕೆಯುಂಟು. ನೀವು ಅಷ್ಟು ಮಾಡಬೇಕಾಗಿಲ್ಲ. ಬಚ್ಚಲ ಒಲೆಯಲ್ಲಿ ಹಲಸಿನ ಬೀಜ ಸುಡುವಾಗ ಮಗುವನ್ನು ಬೆಂಕಿಗೆ ತುಸು ದೂರದಲ್ಲಿ ಕೂರಿಸಿಕೊಂಡು ಮಾತನಾಡಿಸಿರಿ. ಮಳೆ ಹೊಳವಾದಾಗ ಅಂಗಳಕ್ಕೆ ಇಳಿಸಿರಿ; ಇಂಬಳ ಹತ್ತಿದರೆ ಬಿಡಿಸಿ ತೊಳೆದರಾಯಿತು. ಬೆಂಗಳೂರಿನಲ್ಲಿರುವ ಮಗಳೊಡನೆ ಅಜ್ಜಿಯು ಮುಖ ನೋಡಿ ಮಾತನಾಡುವುದು ಬೇರೆ ಸಂಗತಿ, ಅದನ್ನು ಯಾರೂ ಬೇಡವೆನ್ನರು.

2 ವರ್ಷ ತುಂಬಿದರೂ ಮಗು ಎರಡು ಪದಗಳನ್ನು ಕೂಡಿಸಿ ಆಡದಿದ್ದಲ್ಲಿ, ಎಲ್ಲವೂ ಮೊಬೈಲಿನ ದೆಸೆಯೆಂದು ನೀವೇ ತೀರ್ಮಾನಿಸಬೇಡಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಮೊದಲು ಮಗುವಿಗೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಿರಿ.